ಪಾಲ್ ಬೆಂಕೊ: ಹಂಗೇರಿಯ ಚೆಸ್ ಗ್ರ್ಯಾಂಡ್‌ಮಾಸ್ಟರ್ ಮತ್ತು ಲೇಖಕರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚೆಸ್ ಕಲಿಯುತ್ತಿರುವ ಮಕ್ಕಳ ಪೋಷಕರು, ಟೂರ್ನಿಗಳಲ್ಲಿ ಆಡುವ ಯುವಕರು, ಹಳೆಯ ಆಟಗಳನ್ನು ಹಲಗೆಯ ಮೇಲೆ ಮತ್ತೆ ಆಡಿ ನೋಡುವ ಹಿರಿಯರು ಪಾಲ್ ಬೆಂಕೊ ಅವರ ಬಗ್ಗೆ ಮಾತಿನಲ್ಲೂ ಪತ್ರಗಳಲ್ಲೂ ಕೇಳುತ್ತ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಬಹಳ ಜನರಿಗೆ ಅವರು ಒಂದು ಓಪನಿಂಗಿನ (ಆಟದ ಆರಂಭದ ನಡೆಗಳ ಕ್ರಮದ) ಹೆಸರು, ಇಲ್ಲವೇ ಅಮೆರಿಕದ ವಿಶ್ವ ಚಾಂಪಿಯನ್ ಬಾಬಿ ಫಿಶರ್ ಕಥೆಯಲ್ಲಿ ಬಂದುಹೋಗುವ ಒಂದು ಪಾತ್ರ. ಅವರ ನಿಜವಾದ ಸಾಧನೆ ಇರುವುದು ಕೆಲವೇ ಕಾಯಿಗಳು ಉಳಿದ ಆಟದ ಕೊನೆಯ ಹಂತವಾದ ಎಂಡ್‌ಗೇಮಿನಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾಯಿಗಳಿಗೆ ನಮ್ಮಲ್ಲಿ ರೂಢಿಯಲ್ಲಿರುವ ಕಾಲಾಳು, ಕುದುರೆ, ಒಂಟೆ, ಆನೆ, ರಾಣಿ, ರಾಜ ಎಂಬ ಹೆಸರುಗಳನ್ನೇ ಬಳಸಿದ್ದೇನೆ. ಮನೆಗಳನ್ನು ಎ ಇಂದ ಎಚ್‌ವರೆಗಿನ ಉದ್ದ ಸಾಲಿನ ಅಕ್ಷರ, ಬಿಳಿಯ ಕಡೆಯಿಂದ ಎಣಿಸಿದ ಅಡ್ಡ ಸಾಲಿನ ಅಂಕಿ ಸೇರಿಸಿ (ಜಿ3, ಎಫ್6 ಎಂದು) ಗುರುತಿಸಿದ್ದೇನೆ.

ಮೊದಲ ಪರಿಚಯ

ಬೆಂಕೊ ಗ್ಯಾಂಬಿಟ್ (ಅನುಕೂಲಕ್ಕಾಗಿ ಕಾಲಾಳು ಬಿಟ್ಟುಕೊಡುವ ಆರಂಭ) ಗೊತ್ತು, ಆದರೆ ಬೆಂಕೊ ಅಂದ್ರೆ ಯಾರು?

ಪಾಲ್ ಬೆಂಕೊ 1928ರಿಂದ 2019ರವರೆಗೆ ಬದುಕಿದ ಹಂಗೇರಿಯ ಗ್ರ್ಯಾಂಡ್‌ಮಾಸ್ಟರ್. ಇಪ್ಪತ್ತನೆಯ ವಯಸ್ಸಿಗೆ, 1948ರಲ್ಲಿ, ಹಂಗೇರಿಯ ಚಾಂಪಿಯನ್ ಆದರು. 1950ರಲ್ಲಿ ಇಂಟರ್‌ನ್ಯಾಷನಲ್ ಮಾಸ್ಟರ್, 1958ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿ ಪಡೆದರು. ವಿಶ್ವ ಚಾಂಪಿಯನ್ನಿಗೆ ಸವಾಲು ಹಾಕುವವರನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಎರಡು ಬಾರಿ ಆಡಿದರು. ಅಮೆರಿಕದಲ್ಲಿ ನೆಲೆಸಿದ ಮೇಲೆ ಅಲ್ಲಿನ ಯುಎಸ್ ಓಪನ್ ಟೂರ್ನಿಯನ್ನು 1961ರಿಂದ 1975ರ ನಡುವೆ ಎಂಟು ಬಾರಿ ಗೆದ್ದರು. ಇದು ಹಲಗೆಯ ಮುಂದಿನ ಬದುಕಿನ ಲೆಕ್ಕ. ಇದರ ಜೊತೆಜೊತೆಗೆ ಅವರು ದಶಕಗಳ ಕಾಲ ಅಂಕಣ ಬರೆದರು, ಪುಸ್ತಕ ಬರೆದರು, ನೂರಾರು ಚೆಸ್ ಸಮಸ್ಯೆಗಳನ್ನು ರಚಿಸಿದರು. ಆಟಗಾರರಾಗಿಯೂ ಸಮಸ್ಯಾಕಾರರಾಗಿಯೂ ಇಷ್ಟು ಎತ್ತರಕ್ಕೆ ಏರಿದವರು ಚೆಸ್ ಇತಿಹಾಸದಲ್ಲಿ ಬಹಳ ಕಡಿಮೆ.

ಅವರು ಹಂಗೇರಿಯವರೋ, ಅಮೆರಿಕದವರೋ, ಫ್ರಾನ್ಸಿನವರೋ? ಒಂದೊಂದು ಕಡೆ ಒಂದೊಂದು ಬರೆದಿದೆ.

ಮೂರಕ್ಕೂ ಆಧಾರವಿದೆ. ತಂದೆತಾಯಿ ಫ್ರಾನ್ಸಿನಲ್ಲಿದ್ದಾಗ ಅಮಿಯಾಂ ಪಟ್ಟಣದಲ್ಲಿ 1928ರ ಜುಲೈ 15ರಂದು ಅವರು ಹುಟ್ಟಿದರು. ಬೆಳೆದದ್ದು, ಚೆಸ್ ಕಲಿತದ್ದು, ಹೆಸರು ಗಳಿಸಿದ್ದು ಹಂಗೇರಿಯಲ್ಲಿ. ಮುಂದೆ ಅಮೆರಿಕದ ಪ್ರಜೆಯಾಗಿ, 1962ರಿಂದ 1972ರವರೆಗೆ ಆರು ಒಲಿಂಪಿಯಾಡ್‌ಗಳಲ್ಲಿ ಅಮೆರಿಕದ ತಂಡಕ್ಕೆ ಆಡಿದರು. ಬದುಕಿನ ಕೊನೆಯ ದಶಕಗಳ ಬಹುಭಾಗವನ್ನು ಮತ್ತೆ ಬುಡಾಪೆಸ್ಟಿನಲ್ಲಿ ಕಳೆದು, ಅಲ್ಲಿಯೇ 2019ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರನ್ನು ರೂಪಿಸಿದ್ದು ಹಂಗೇರಿಯ ಚೆಸ್ ಪರಂಪರೆಯಾದ್ದರಿಂದ ನಾನು ಹಂಗೇರಿಯವರೆಂದೇ ಬರೆಯುತ್ತೇನೆ.

ಜೈಲಿಗೆ ಹೋಗಿದ್ದರಂತೆ, ನಿಜವೇ? ಚೆಸ್ ಆಡುವವರನ್ನು ಯಾಕೆ ಹಿಡಿದರು?

ನಿಜ. ಅವರ ಹದಿಹರೆಯ ಎರಡನೆಯ ಮಹಾಯುದ್ಧದಲ್ಲೇ ಕಳೆದುಹೋಯಿತು. ಹಂಗೇರಿಯ ಸೈನ್ಯಕ್ಕಾಗಿ ಕಂದಕ ತೋಡಿದರು. ಬಳಿಕ ಸೋವಿಯತ್ ಸೈನ್ಯದ ಕೈಗೆ ಸಿಕ್ಕಿ ಬಲವಂತದ ಕೂಲಿಯಾದರು. ತಪ್ಪಿಸಿಕೊಂಡು ಮನೆಗೆ ಬಂದರೆ, ತಂದೆಯನ್ನೂ ಅಣ್ಣನನ್ನೂ ದುಡಿಮೆಗೆಂದು ರಷ್ಯಾಕ್ಕೆ ಸಾಗಿಸಲಾಗಿತ್ತು. ಯುದ್ಧ ಮುಗಿದ ಮೇಲೂ ದೇಶದಲ್ಲಿ ಉಸಿರುಗಟ್ಟಿಸುವ ವಾತಾವರಣವೇ ಇತ್ತು. 1952ರಲ್ಲಿ ಅವರು ಪೂರ್ವ ಬರ್ಲಿನ್ ದಾರಿಯಾಗಿ ಪಶ್ಚಿಮಕ್ಕೆ ದಾಟಲು ಯತ್ನಿಸಿ ಸಿಕ್ಕಿಬಿದ್ದರು, ಅಮೆರಿಕದ ಗೂಢಚಾರನೆಂಬ ಆರೋಪ ಹೊತ್ತರು. ಆಗ ದೂರದ ಊರಿನವರೊಡನೆ ಅಂಚೆಯಲ್ಲಿ ಒಂದೊಂದೇ ನಡೆ ಬರೆದು ಕಳಿಸುತ್ತ ಚೆಸ್ ಆಡುವ ಪದ್ಧತಿಯಿತ್ತು. ಬೆಂಕೊ ಅವರ ಮನೆಯಲ್ಲಿ ಸಿಕ್ಕ ಅಂಥ ಕಾಗದಗಳಲ್ಲಿದ್ದ ಅಕ್ಷರ, ಅಂಕಿಗಳನ್ನು ತನಿಖೆಯವರು ಗುಪ್ತಸಂಕೇತವೆಂದು ಶಂಕಿಸಿದರೆಂದು ಅವರೇ ಹೇಳಿಕೊಂಡಿದ್ದಾರೆ. ಸುಮಾರು ಒಂದೂವರೆ ವರ್ಷ ಶಿಬಿರವಾಸ ಅನುಭವಿಸಿದ ಅವರಿಗೆ ಬಿಡುಗಡೆ ಸಿಕ್ಕಿದ್ದು 1953ರಲ್ಲಿ ಸ್ಟಾಲಿನ್ ಸತ್ತ ನಂತರ. ಆಟಗಾರ ಮಾಗಬೇಕಾದ ಇಪ್ಪತ್ತನಾಲ್ಕು, ಇಪ್ಪತ್ತೈದರ ವಯಸ್ಸು ಹಸಿವಿನಲ್ಲಿ ಕಳೆಯಿತು ಎಂಬುದನ್ನು ಅವರ ಮುಂದಿನ ಫಲಿತಾಂಶಗಳನ್ನು ಅಳೆಯುವವರು ಮರೆಯಬಾರದು.

ಹಾಗಾದರೆ ಕೊನೆಗೆ ದೇಶ ಬಿಟ್ಟದ್ದು ಹೇಗೆ?

1957ರಲ್ಲಿ ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ ವಿಶ್ವ ವಿದ್ಯಾರ್ಥಿ ತಂಡ ಚಾಂಪಿಯನ್‌ಶಿಪ್ ನಡೆಯಿತು. ಹಂಗೇರಿಯ ತಂಡದೊಡನೆ ಹೋಗಿದ್ದ ಬೆಂಕೊ ಅಲ್ಲಿನ ಅಮೆರಿಕದ ರಾಯಭಾರ ಕಚೇರಿಯಲ್ಲಿ ಆಶ್ರಯ ಕೇಳಿದರು, ತಂಡದೊಂದಿಗೆ ಹಿಂತಿರುಗಲಿಲ್ಲ. ಹಂಗೇರಿಯ 1956ರ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹೊಸಕಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಹದಿನೈದು ವರ್ಷಗಳ ಬಳಿಕ, 1972ರಲ್ಲಿ, ಫಿಶರ್ ಮತ್ತು ಸ್ಪಾಸ್ಕಿ ವಿಶ್ವ ಪದವಿಗಾಗಿ ಸೆಣಸಿದ್ದು ಇದೇ ಊರಿನಲ್ಲಿ. ಆ ಪಂದ್ಯಕ್ಕೂ ಬೆಂಕೊ ಅವರಿಗೂ ಇರುವ ನಂಟನ್ನು ಕೆಳಗೆ ಹೇಳಿದ್ದೇನೆ.

ಆಟಗಾರರಾಗಿ

ವಿಶ್ವ ಚಾಂಪಿಯನ್ ಆಗುವ ಮಟ್ಟದ ಆಟಗಾರರಾಗಿದ್ದರೇ?

ಪದವಿಯ ಬಾಗಿಲವರೆಗೆ ಹೋದವರು, ಒಳಗೆ ಹೋಗುವಷ್ಟು ಬಲ ಇರಲಿಲ್ಲ. ಕ್ಯಾಂಡಿಡೇಟ್ಸ್‌ಗೆ ಆಟಗಾರರನ್ನು ಆರಿಸಲು 1958ರಲ್ಲಿ ನಡೆದ ಪೋರ್ತೊರೋಜ್ ಇಂಟರ್‌ಜೋನಲ್‌ನಲ್ಲಿ ಟಾಲ್ 13.5, ಗ್ಲಿಗೊರಿಚ್ 13 ಅಂಕ ಗಳಿಸಿದರೆ, 12.5 ಅಂಕದೊಂದಿಗೆ ಬೆಂಕೊ ಮತ್ತು ಪೆಟ್ರೋಸಿಯನ್ ಮೂರನೆಯ ಸ್ಥಾನ ಹಂಚಿಕೊಂಡರು. ಹದಿನೈದರ ಫಿಶರ್ ಅವರ ಹಿಂದಿದ್ದರು. ಆದರೆ 1959ರಲ್ಲಿ ಯುಗೊಸ್ಲಾವಿಯಾದಲ್ಲಿ ನಡೆದ ಕ್ಯಾಂಡಿಡೇಟ್ಸ್‌ನಲ್ಲಿ 28 ಆಟಗಳಿಂದ ಎಂಟೇ ಅಂಕ ಪಡೆದು ಎಂಟನೆಯವರಾದರು. ಕೆರಿಬಿಯನ್ ದ್ವೀಪವಾದ ಕುರಸಾವ್‌ನಲ್ಲಿ 1962ರಲ್ಲಿ ನಡೆದ ಮುಂದಿನ ಕ್ಯಾಂಡಿಡೇಟ್ಸ್‌ನಲ್ಲಿ 12 ಅಂಕದೊಂದಿಗೆ ಆರನೆಯ ಸ್ಥಾನಕ್ಕೆ ಏರಿದರು. ಅಲ್ಲಿ ಅವರು ಮೊದಲ ನಡೆಗೆ ರಾಜನ ಕಡೆಯ ಕಾಲಾಳನ್ನು ಜಿ3ಕ್ಕೆ ತಳ್ಳುವ, ಆಗ ಯಾರೂ ಗಂಭೀರವಾಗಿ ಪರಿಗಣಿಸದ ಆರಂಭದಿಂದ ಫಿಶರ್ ಮತ್ತು ಟಾಲ್ ಇಬ್ಬರನ್ನೂ ಸೋಲಿಸಿದರು. ಒಟ್ಟು ವೃತ್ತಿಜೀವನದಲ್ಲಿ ಫಿಶರ್, ಟಾಲ್, ಪೆಟ್ರೋಸಿಯನ್, ಸ್ಮಿಸ್ಲೋವ್ ಎಂಬ ನಾಲ್ವರು ವಿಶ್ವ ಚಾಂಪಿಯನ್ನರ ಮೇಲೆ ಗೆಲುವು ಕಂಡಿದ್ದಾರೆ. ಗಡಿಯಾರದ ಒತ್ತಡದಲ್ಲಿ ಸಿಕ್ಕಿಹಾಕಿಕೊಳ್ಳುವುದು ಅವರ ದೊಡ್ಡ ದೌರ್ಬಲ್ಯ. ಅತ್ಯುತ್ತಮ ನಡೆಯನ್ನೇ ಹುಡುಕುತ್ತ ಕೂರುವ ಸಮಸ್ಯಾಕಾರನ ಮನಸ್ಸೇ ಅದಕ್ಕೆ ಕಾರಣವಿರಬಹುದು ಎಂದು ನನಗನ್ನಿಸುತ್ತದೆ.

ಟಾಲ್ ಕಣ್ಣಿಗೆ ಹೆದರಿ ಕಪ್ಪು ಕನ್ನಡಕ ಹಾಕಿಕೊಂಡು ಆಡಿದ್ದು ಇವರೇನಾ?

ಹೌದು, 1959ರ ಕ್ಯಾಂಡಿಡೇಟ್ಸ್‌ನಲ್ಲಿ. ಮಿಖಾಯಿಲ್ ಟಾಲ್ ಎದುರಾಳಿಯನ್ನು ದಿಟ್ಟಿಸಿ ನೋಡುವ ಅಭ್ಯಾಸಕ್ಕೆ ಹೆಸರಾಗಿದ್ದರು. ಆ ನೋಟ ತಮ್ಮ ಏಕಾಗ್ರತೆ ಕೆಡಿಸುತ್ತದೆಂದು ಬೆಂಕೊ ಕಪ್ಪು ಕನ್ನಡಕ ಧರಿಸಿ ಕುಳಿತರು. ಟಾಲ್ ತಾವೂ ಒಂದು ದೊಡ್ಡ ಕನ್ನಡಕ ತೆಗೆದು ಏರಿಸಿಕೊಂಡರು. ಕನ್ನಡಕದಿಂದ ಬೆಂಕೊ ಅವರಿಗೆ ಪ್ರಯೋಜನವಾಗಲಿಲ್ಲ. ಟಾಲ್ 20 ಅಂಕದೊಂದಿಗೆ ಟೂರ್ನಿಯನ್ನೇ ಗೆದ್ದು, ಮರುವರ್ಷ ವಿಶ್ವ ಚಾಂಪಿಯನ್ ಆದರು.

ಕುರಸಾವ್‌ನಲ್ಲಿ ಕೆರೆಸ್ ಅವರನ್ನು ಸೋಲಿಸಿ ಪೆಟ್ರೋಸಿಯನ್‌ಗೆ ದಾರಿ ಮಾಡಿಕೊಟ್ಟರಂತಲ್ಲ, ಅದರ ಹಿಂದೆ ಏನಾದರೂ ಇತ್ತೇ?

ಆಟದಾಚೆಗಿನದು ಏನೂ ಇರಲಿಲ್ಲ. ಬೆಂಕೊ ಅವರ ಪ್ರಾಮಾಣಿಕತೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಲ್ಲಿಯೇ. ಆ ಟೂರ್ನಿಯಲ್ಲಿ ಸೋವಿಯತ್ತಿನ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ತಮ್ಮತಮ್ಮಲ್ಲಿ ಆಡಿದ ಹನ್ನೆರಡೂ ಆಟಗಳನ್ನು ಡ್ರಾ ಮಾಡಿಕೊಂಡರು. ಇದು ಒಳಒಪ್ಪಂದವೆಂದು ಫಿಶರ್ ಬಹಿರಂಗವಾಗಿ ದೂರಿದರು. ಕೊನೆಯಿಂದ ಎರಡನೆಯ ಸುತ್ತಿನಲ್ಲಿ ಕೆರೆಸ್ ಎದುರು ಬೆಂಕೊ ಕುಳಿತಾಗ, ಅದೇ ಟೂರ್ನಿಯ ಹಿಂದಿನ ಮೂರೂ ಆಟಗಳನ್ನು ಕೆರೆಸ್ ಗೆದ್ದಿದ್ದರು. ನಾಲ್ಕನೆಯದೂ ಅವರದೇ ಎಂದು ಎಲ್ಲರೂ ಭಾವಿಸಿದ್ದರು. ಆ ಆಟ ಬೆಂಕೊ ಅವರಿಗೆ ಅನುಕೂಲವಾದ ಸ್ಥಾನದಲ್ಲಿ ಮುಂದೂಡಲ್ಪಟ್ಟಿತು. ವಿರಾಮದಲ್ಲಿ ಪೆಟ್ರೋಸಿಯನ್ ಮತ್ತು ಗೆಲ್ಲರ್ ತಮ್ಮದೇ ದೇಶದ ಕೆರೆಸ್ ವಿರುದ್ಧ ವಿಶ್ಲೇಷಣೆಯಲ್ಲಿ ನೆರವಾಗುತ್ತೇವೆಂದು ಬಂದರು, ಆದರೆ ತಾನು ಅದನ್ನು ತಿರಸ್ಕರಿಸಿದೆ ಎಂದು ಬೆಂಕೊ ನಂತರ ತಿಳಿಸಿದ್ದಾರೆ. ಅವರು ತಮ್ಮ ಬಲದಿಂದಲೇ ಗೆದ್ದರು. ಕೆರೆಸ್ 17, ಪೆಟ್ರೋಸಿಯನ್ 17.5 ಅಂಕದಲ್ಲಿ ಮುಗಿಸಿದರು. ಅರ್ಧ ಅಂಕದ ಆ ಅಂತರವೇ ಪೆಟ್ರೋಸಿಯನ್ 1963ರಲ್ಲಿ ಬೊತ್ವಿನಿಕ್ ಅವರಿಂದ ಪದವಿ ಕಸಿದುಕೊಳ್ಳುವ ದಾರಿ ತೆರೆಯಿತು.

ಫಿಶರ್‌ಗೆ ತಮ್ಮ ಜಾಗ ಮಾರಿಕೊಂಡರಾ? ದುಡ್ಡು ತಗೊಂಡಿದ್ದು ನಿಜ ತಾನೆ?

ಹಣ ಸಂದಾಯವಾದದ್ದು ನಿಜ, ಮಾರಿಕೊಂಡರು ಎನ್ನುವುದು ಅನ್ಯಾಯದ ಮಾತು. 1969ರ ಅಮೆರಿಕನ್ ಚಾಂಪಿಯನ್‌ಶಿಪ್ ವಿಶ್ವ ಚಾಂಪಿಯನ್‌ಶಿಪ್ ಚಕ್ರದ ಅರ್ಹತಾ ಟೂರ್ನಿಯೂ ಆಗಿತ್ತು. ಫಿಶರ್ ಅದರಲ್ಲಿ ಆಡಲಿಲ್ಲ. ರೆಶೆವ್‌ಸ್ಕಿ, ಅಡಿಸನ್, ಬೆಂಕೊ ಮೂವರು 1970ರ ಪಾಲ್ಮಾ ಇಂಟರ್‌ಜೋನಲ್‌ಗೆ ಅರ್ಹರಾದರು. ನಿಯಮದ ಪ್ರಕಾರ ಫಿಶರ್‌ಗೆ ಬಾಗಿಲು ಮುಚ್ಚಿತ್ತು. ಆಗ ಬೆಂಕೊ ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. ಅಮೆರಿಕದ ಚೆಸ್ ಫೆಡರೇಷನ್ ಅವರಿಗೆ 2000 ಡಾಲರ್ ನೀಡಿತು. ಫಿಶರ್ ನಡುವೆ ಎದ್ದುಹೋಗಬಾರದೆಂಬುದು ಮಾತಾಗಿತ್ತು. ಬೆಂಕೊ ತಾವು ಪಾಲ್ಮಾಕ್ಕೆ ಹೋಗಿ ರೆಶೆವ್‌ಸ್ಕಿ, ಅಡಿಸನ್ ಇಬ್ಬರ ಸಹಾಯಕರಾಗಿ ದುಡಿದರು.

ಕುರಸಾವ್‌ನಲ್ಲಿ ಇವರಿಬ್ಬರೂ ಕೈಕೈ ಮಿಲಾಯಿಸಿದ್ದರು ಎಂಬುದನ್ನು ನೆನೆದರೆ ಈ ನಿರ್ಧಾರದ ತೂಕ ತಿಳಿಯುತ್ತದೆ. ಅಲ್ಲಿ ಅಮೆರಿಕದ ಇಬ್ಬರಿಗೂ ಸೇರಿ ಒಬ್ಬರೇ ಸಹಾಯಕರಿದ್ದರು, ಆರ್ಥರ್ ಬಿಸ್ಗಯರ್. ಅವರು ಬೆಂಕೊ ಜೊತೆ ವಿಶ್ಲೇಷಣೆ ಮಾಡುವುದನ್ನು ಫಿಶರ್ ಸಹಿಸದೆ ಜಗಳ ಹೊಡೆತದವರೆಗೆ ಹೋಗಿತ್ತು. ಎಂಟು ವರ್ಷದ ಬಳಿಕ, ನಲವತ್ತೆರಡರ ಬೆಂಕೊ, ತಮಗಿಂತ ಫಿಶರ್‌ಗೆ ಪದವಿಯ ಸಾಧ್ಯತೆ ಹೆಚ್ಚೆಂದು ಲೆಕ್ಕ ಹಾಕಿ ಜಾಗ ಬಿಟ್ಟರು. ಒತ್ತಾಯ ಇರಲಿಲ್ಲವೆಂದು ಕೊನೆಯವರೆಗೂ ಹೇಳಿದರು. ಫಿಶರ್ ಪಾಲ್ಮಾವನ್ನು 23ಕ್ಕೆ 18.5 ಅಂಕದಿಂದ ಗೆದ್ದು, ತೈಮನೋವ್ ಮತ್ತು ಲಾರ್ಸೆನ್ ಇಬ್ಬರನ್ನೂ 6-0 ಅಂತರದಿಂದ ಮಣಿಸಿ, ಪೆಟ್ರೋಸಿಯನ್ ಅವರನ್ನು ದಾಟಿ, ರೇಕ್ಯವಿಕ್‌ನಲ್ಲಿ ಸ್ಪಾಸ್ಕಿಯನ್ನು 12.5-8.5 ಅಂತರದಿಂದ ಸೋಲಿಸಿದರು.

ಫಿಶರ್ ಎದುರು ಸೋತ ಆ ಪ್ರಸಿದ್ಧ ಆಟದಲ್ಲಿ 19ನೆಯ ನಡೆ ಯಾಕೆ ಅಷ್ಟು ದೊಡ್ಡದು?

ಫಿಶರ್ ಹನ್ನೊಂದಕ್ಕೆ ಹನ್ನೊಂದೂ ಆಟ ಗೆದ್ದ 1963-64ರ ಅಮೆರಿಕನ್ ಚಾಂಪಿಯನ್‌ಶಿಪ್‌ನ ಆಟವದು. ಬಿಳಿಯ ರಾಣಿ ಎಚ್5ರಲ್ಲಿ, ಒಂಟೆ ಡಿ3ರಲ್ಲಿ. ಇ4ರ ಕಾಲಾಳು ಇ5ಕ್ಕೆ ಹೋದರೆ ಒಂಟೆಯ ಓಣಿ ತೆರೆದು ಎಚ್7ರಲ್ಲಿ ಮಾತ್ (ರಾಜನಿಗೆ ಪಾರಾಗಲು ದಾರಿಯಿಲ್ಲದ ಮುತ್ತಿಗೆ, ಅಲ್ಲಿಗೆ ಆಟ ಮುಗಿಯುತ್ತದೆ) ಬೆದರಿಕೆ. ಆದರೆ ಅದನ್ನು ನೇರವಾಗಿ ಆಡಿದರೆ ಕಪ್ಪು ತನ್ನ ಎಫ್7ರ ಕಾಲಾಳನ್ನು ಎಫ್5ಕ್ಕೆ ನೂಕಿ ಓಣಿಯನ್ನು ಮುಚ್ಚಿಬಿಡುತ್ತದೆ. ಫಿಶರ್ ಮೊದಲು ಆನೆಯನ್ನು ಎಫ್6ರಲ್ಲಿ, ಎದುರಾಳಿಯ ಒಂಟೆಯ ಬಾಯಿಗೇ ಇಟ್ಟರು. ಆನೆ ಅಲ್ಲಿ ನಿಂತರೂ, ಅದನ್ನು ಹೊಡೆದು ಕಪ್ಪು ಒಂಟೆ ಅಲ್ಲಿಗೆ ಬಂದರೂ, ಎಫ್7ರ ಕಾಲಾಳು ಅಲುಗಾಡುವಂತಿಲ್ಲ. ಬೆಂಕೊ ಎರಡು ನಡೆ ಬಳಿಕ ಶರಣಾದರು. ಈ ಸೋಲನ್ನು ಅವರ ಗುರುತಾಗಿ ಮಾಡುವುದು ಸರಿಯಲ್ಲ, ಅವರು ಫಿಶರ್ ಅವರನ್ನು ಮೂರು ಬಾರಿ ಸೋಲಿಸಿದ್ದಾರೆ.

ಗ್ಯಾಂಬಿಟ್ ಬಗ್ಗೆ

ಒಂದು ಕಾಲಾಳನ್ನು ಸುಮ್ಮನೆ ಕೊಟ್ಟು ಕಪ್ಪಿಗೆ ಸಿಗುವುದೇನು?

ಬಿಳಿ ಡಿ4, ಕಪ್ಪು ಕುದುರೆ ಎಫ್6. ಬಿಳಿ ಸಿ4, ಕಪ್ಪು ಸಿ5. ಬಿಳಿ ಡಿ5, ಆಗ ಕಪ್ಪು ಬಿ5. ಬಿಳಿ ಆ ಕಾಲಾಳನ್ನು ಹೊಡೆದರೆ ಕಪ್ಪು ಎ6 ಆಡುತ್ತದೆ. ಅದನ್ನೂ ಹೊಡೆದರೆ ಒಂಟೆಯಿಂದ ತಿರುಗಿ ಹೊಡೆಯುತ್ತದೆ. ಈಗ ಕಪ್ಪಿಗೆ ಒಂದು ಕಾಲಾಳು ಕಡಿಮೆ.

ಸಿಕ್ಕಿದ್ದು ಏನೆಂದು ಹಲಗೆಯಲ್ಲೇ ನೋಡಬೇಕು. ಎ ಮತ್ತು ಬಿ ಸಾಲುಗಳಲ್ಲಿ ಕಪ್ಪಿನ ಕಾಲಾಳುಗಳಿಲ್ಲ, ಆದ್ದರಿಂದ ಎರಡು ಆನೆಗಳಿಗೂ ಬಿಳಿಯ ಎ2, ಬಿ2 ಕಾಲಾಳುಗಳ ಮೇಲೆ ನೇರ ದಾರಿ. ಕಪ್ಪು ಒಂಟೆಯನ್ನು ಜಿ7ರಲ್ಲಿ ಇಟ್ಟರೆ ಅದೂ ಬಿ2ರತ್ತಲೇ ನೋಡುತ್ತದೆ. ಎ6ರ ಒಂಟೆ ಬಿಳಿಯ ಎಫ್1ರ ಒಂಟೆಗೆ ಎದುರಾಗಿರುವುದರಿಂದ, ಬಿಳಿ ಇ4 ಆಡಿದರೆ ಆ ಒಂಟೆಗಳ ವಿನಿಮಯವಾಗಿ ಬಿಳಿಯ ರಾಜ ಎಫ್1ಕ್ಕೆ ಬರಬೇಕು, ಕ್ಯಾಸಲಿಂಗ್ (ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸಿ ರಾಜನನ್ನು ಸುರಕ್ಷಿತಗೊಳಿಸುವುದು) ತಪ್ಪಿಹೋಗುತ್ತದೆ. ಜಿ3 ಆಡಿ ರಾಜನನ್ನು ಜಿ2ಕ್ಕೆ ನಡೆಸುವುದಕ್ಕೆ ಸಮಯ ವ್ಯಯವಾಗುತ್ತದೆ. ಕಪ್ಪಿನ ಉಳಿದ ಆರು ಕಾಲಾಳುಗಳು ಒಂದಕ್ಕೊಂದು ಹೊಂದಿಕೊಂಡು ಒಂದೇ ಗುಂಪಾಗಿವೆ.

ಬೆಂಕೊ ಕಂಡ ಮುಖ್ಯವಾದ ಸಂಗತಿ ಮುಂದಿನದು. ಸಾಮಾನ್ಯವಾಗಿ ಕಾಲಾಳು ಕೊಟ್ಟವನು ದಾಳಿಗೆ ಹೋಗುತ್ತಾನೆ. ರಾಣಿಗಳು ವಿನಿಮಯವಾದರೆ ದಾಳಿ ತಣ್ಣಗಾಗಿ ಕಾಲಾಳಿನ ಕೊರತೆ ಮಾತ್ರ ಉಳಿಯುತ್ತದೆ. ಇಲ್ಲಿ ದಾಳಿ ರಾಜನ ಮೇಲಲ್ಲ, ರಾಣಿ ಕಡೆಯ ಕಾಲಾಳುಗಳ ಮೇಲೆ. ಆದ್ದರಿಂದ ರಾಣಿಗಳು ಹೋದರೂ ಒತ್ತಡ ಕರಗುವುದಿಲ್ಲ, ಹಲವು ವೇಳೆ ಹೆಚ್ಚುತ್ತದೆ. ಎಂಡ್‌ಗೇಮನ್ನು ಆಳವಾಗಿ ಬಲ್ಲವರಿಗಷ್ಟೇ ಹೊಳೆಯುವ ಗ್ಯಾಂಬಿಟ್ ಇದು.

ವೋಲ್ಗಾ ಗ್ಯಾಂಬಿಟ್, ಬೆಂಕೊ ಗ್ಯಾಂಬಿಟ್ ಎರಡೂ ಒಂದೇನಾ? ನಿಜವಾಗಿ ಕಂಡುಹಿಡಿದವರು ಯಾರು?

ಮೊದಲ ನಡೆಗಳು ಒಂದೇ. ವೋಲ್ಗಾ ದಂಡೆಯ ಕುಯಿಬಿಶೆವ್‌ನಿಂದ 1946ರಲ್ಲಿ ಸೋವಿಯತ್ ಚೆಸ್ ಪತ್ರಿಕೆಗೆ ಬಂದ ಲೇಖನದಿಂದ ಪೂರ್ವ ಯುರೋಪಿನಲ್ಲಿ ಆ ಹೆಸರು ನೆಲೆಯಾಯಿತು. ಇದೇ ಬಗೆಯ ಕಾಲಾಳು ತ್ಯಾಗವನ್ನು ಬ್ರಾನ್‌ಸ್ಟೈನ್ 1953ರ ಜ್ಯೂರಿಕ್ ಕ್ಯಾಂಡಿಡೇಟ್ಸ್‌ನಲ್ಲಿ ತೈಮನೋವ್ ಎದುರು ಬಳಸಿದ್ದರು. ಆದರೆ ಬಿಡಿಯಾಗಿದ್ದ ಒಂದು ಉಪಾಯವನ್ನು 1960ರ ದಶಕದ ಕೊನೆಯಿಂದ ಪದೇ ಪದೇ ಆಡಿ, ಪ್ರತಿಯೊಂದು ಉತ್ತರಕ್ಕೂ ಯೋಜನೆ ರೂಪಿಸಿ, 1974ರಲ್ಲಿ ಪುಸ್ತಕವಾಗಿಸಿ ಪೂರ್ಣ ವ್ಯವಸ್ಥೆಯ ರೂಪ ಕೊಟ್ಟವರು ಬೆಂಕೊ. ಹೆಸರು ಅವರಿಗೆ ಸಂದಿರುವುದು ನ್ಯಾಯವೇ.

ಈಗ ಇದನ್ನು ಆಡಬಹುದಾ? ಕಂಪ್ಯೂಟರ್ ಬಿಳಿಗೆ ಒಳ್ಳೆಯದು ಅನ್ನುತ್ತದಲ್ಲ.

ಕಂಪ್ಯೂಟರ್ ಬಿಳಿಯ ಕಡೆ ಒಲಿಯುವುದು ನಿಜ, ಅತ್ಯುನ್ನತ ಮಟ್ಟದಲ್ಲಿ ಈ ಗ್ಯಾಂಬಿಟ್ ಅಪರೂಪವಾಗಿರುವುದೂ ನಿಜ. ಬಿಳಿಗೆ ಕಾಲಾಳನ್ನು ಹಿಂತಿರುಗಿಸುವ, ಬಿ6ಕ್ಕೆ ತಳ್ಳುವ, ಇಲ್ಲವೇ ಮೊದಲೇ ತೆಗೆದುಕೊಳ್ಳದಿರುವ ಹಲವು ದಾರಿಗಳಿವೆ. ಕಪ್ಪೂ ಎ6ರಲ್ಲಿ ತಕ್ಷಣ ಹೊಡೆಯದೆ ಜಿ6 ಮೊದಲು ಆಡುವ ಹೊಸ ಕ್ರಮ ಕಂಡುಕೊಂಡಿದೆ. ಜಿಲ್ಲೆ, ರಾಜ್ಯ ಮಟ್ಟದ ಟೂರ್ನಿಗಳಲ್ಲಿ ಆಡುವವರಿಗೆ ಇದು ಸಂಪೂರ್ಣ ಯೋಗ್ಯವಾದ ಆಯ್ಕೆ. ಕಲಿಯುವವರಿಗಂತೂ, ಕಾಯಿಗಳ ಎಣಿಕೆಗಿಂತ ಅವುಗಳ ಚಲನೆ ಹೆಚ್ಚು ಬೆಲೆಬಾಳುವುದು ಯಾವಾಗ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಓಪನಿಂಗ್ ಇನ್ನೊಂದು ನನಗೆ ತಿಳಿದಿಲ್ಲ.

ಲೇಖಕರಾಗಿ, ಸಮಸ್ಯಾಕಾರರಾಗಿ

ಎಂಡ್‌ಗೇಮ್ ಸ್ಟಡಿ ಅಂದ್ರೆ ಏನು? ಬೆಂಕೊ ಅವರದು ಹೇಗೆ ಬೇರೆ?

ಸ್ಟಡಿ ಎಂದರೆ ಕೆಲವೇ ಕಾಯಿಗಳಿರುವ, ಬಿಳಿ ಆಡಿ ಗೆಲ್ಲಬೇಕಾದ ಅಥವಾ ಡ್ರಾ ಮಾಡಬೇಕಾದ, ಒಂದೇ ಒಂದು ಸರಿದಾರಿ ಇರುವ ರಚನೆ. ಅದರ ಸೊಗಸು ತಿಳಿಯಲು ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಸ್ಟಡಿ ಸಾಕು: ಬಿಳಿಯ ರಾಜ ಎಚ್8, ಕಾಲಾಳು ಸಿ6, ಕಪ್ಪಿನ ರಾಜ ಎ6, ಕಾಲಾಳು ಎಚ್5. ಬಿಳಿಯ ರಾಜ ಓಡುವ ಕಾಲಾಳನ್ನು ಹಿಡಿಯಲಾರ, ತನ್ನ ಕಾಲಾಳನ್ನೂ ಕಾಪಾಡಲಾರ ಎಂದು ತೋರುತ್ತದೆ. ಆದರೆ ಜಿ7, ಎಫ್6, ಇ5 ಎಂದು ಓರೆಯಾಗಿ ನಡೆದರೆ ಎರಡೂ ಗುರಿಗಳಿಗೆ ಒಟ್ಟಿಗೆ ಹತ್ತಿರವಾಗುತ್ತ, ಆಟ ಡ್ರಾ ಆಗುತ್ತದೆ.

ಬೆಂಕೊ ಈ ಮಿತವ್ಯಯದ ಪರಂಪರೆಯವರು. ಅವರ ಸ್ಟಡಿಗಳಲ್ಲಿ ಹಲಗೆ ತುಂಬ ಕಾಯಿ ಜೋಡಿಸಿದ ಕೃತಕತೆ ಕಾಣುವುದಿಲ್ಲ. ನಾಳಿನ ಟೂರ್ನಿಯಲ್ಲಿ ನಮಗೇ ಬರಬಹುದಾದಂಥ ಕಾಲಾಳು, ಆನೆಗಳ ಸ್ಥಾನದಿಂದ ಅಚ್ಚರಿ ಹೊರಡುತ್ತದೆ. ಇನ್ನೊಂದೆಡೆ, ಕಾಯಿಗಳು ಅಕ್ಷರದ ಆಕಾರದಲ್ಲಿ ನಿಂತಿರುವ ಚಿತ್ರ ಸಮಸ್ಯೆಗಳನ್ನೂ ರಚಿಸಿದರು. ಆಕಾರ ಮೊದಲೇ ನಿಗದಿಯಾಗಿರುವಾಗ ಪರಿಹಾರವೂ ಒಂದೇ ಇರುವಂತೆ ಮಾಡುವುದು ಪ್ರಾಸ ಕೆಡದಂತೆ ಪದ್ಯದಲ್ಲಿ ನಿಖರವಾದ ಅರ್ಥ ಹೇಳುವಷ್ಟೇ ಕಷ್ಟ. ವಿಶ್ವ ಚೆಸ್ ಸಂಸ್ಥೆ ಅವರಿಗೆ ಸಮಸ್ಯಾರಚನೆಯಲ್ಲೂ ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿ ನೀಡಿತು.

ಬೇರೆಯವರ ಪುಸ್ತಕವನ್ನು ತಿದ್ದಿದ್ದರಂತೆ, ಅದೇನು ಅಂಥ ದೊಡ್ಡ ಕೆಲಸವೇ?

ದೊಡ್ಡದೇ. ರೂಬೆನ್ ಫೈನ್ 1941ರಲ್ಲಿ ಪ್ರಕಟಿಸಿದ ಎಂಡ್‌ಗೇಮ್ ಕೈಪಿಡಿಯನ್ನು ಇಂಗ್ಲಿಷ್ ಓದುಗರ ಹಲವು ತಲೆಮಾರುಗಳು ಆಧಾರವಾಗಿ ಬಳಸಿದ್ದವು. ಆ ಗ್ರಂಥದಲ್ಲಿ ತಪ್ಪುಗಳೂ ಸಾಕಷ್ಟಿದ್ದವು. ಬೆಂಕೊ ಅದನ್ನು ಪರಿಶೀಲಿಸಿ, ತಪ್ಪು ತಿದ್ದಿ, ಹಳೆಯ ಬರವಣಿಗೆ ಕ್ರಮದಿಂದ ಇಂದಿನ ಅಕ್ಷರ-ಅಂಕಿ ಕ್ರಮಕ್ಕೆ ತಂದ ಆವೃತ್ತಿ 2003ರಲ್ಲಿ ಹೊರಬಂತು. ತಮ್ಮ ಹೆಸರು ಮುಖಪುಟದಲ್ಲಿ ಎರಡನೆಯದಾಗುವ ಕೆಲಸಕ್ಕೆ ಎಪ್ಪತ್ತು ದಾಟಿದ ಗ್ರ್ಯಾಂಡ್‌ಮಾಸ್ಟರ್ ಇಷ್ಟು ಶ್ರಮ ಹಾಕಿದ್ದು ನನಗೆ ಅವರ ಟೂರ್ನಿ ಗೆಲುವುಗಳಿಗಿಂತ ಹೆಚ್ಚು ಮೆಚ್ಚುಗೆಯ ಸಂಗತಿ.

ಹಂಗೇರಿಯ ಪ್ರಸಿದ್ಧ ಚೆಸ್ ಆಟಗಾರ್ತಿಯರಾದ ಪೋಲ್ಗಾರ್ ಸೋದರಿಯರಿಗೆ ಇವರು ಗುರುವೇ?

ಅವರ ಶಿಕ್ಷಣದ ಯೋಜನೆ ತಂದೆ ಲಾಸ್ಲೊ ಪೋಲ್ಗಾರ್ ಅವರದು. ಆದರೆ ಜುಜಾ, ಜೋಫಿಯಾ, ಜುದಿತ್ ಮೂವರಿಗೂ ಬುಡಾಪೆಸ್ಟಿನಲ್ಲಿ ಬೆಂಕೊ ಮಾರ್ಗದರ್ಶನ ದೊರೆಯಿತು. ಹಂಗೇರಿಯ ಗ್ರ್ಯಾಂಡ್‌ಮಾಸ್ಟರ್ ಪೀಟರ್ ಲೆಕೊ ಕೂಡ ಅವರ ನೆರವು ಪಡೆದವರು. 1990ರ ದಶಕದಲ್ಲಿ ಫಿಶರ್ ಬುಡಾಪೆಸ್ಟಿನಲ್ಲಿ ವಾಸವಿದ್ದಾಗಲೂ ಇಬ್ಬರ ಒಡನಾಟ ಮುಂದುವರಿದಿತ್ತು.

ಅವರ ಬರಹಗಳಲ್ಲಿ ಯಾವುದರಿಂದ ಶುರು ಮಾಡಲಿ?

ಗ್ಯಾಂಬಿಟ್ ಪುಸ್ತಕದ ನಡೆಸಾಲುಗಳು ಹಳತಾಗಿವೆ, ಆದರೆ ಯೋಚನೆ ಹಳತಾಗಿಲ್ಲ. ಬರ್ಟ್ ಹೋಕ್‌ಬರ್ಗ್ ಜೊತೆ 1991ರಲ್ಲಿ ಬರೆದ ಚೆಸ್ ಮನೋವಿಜ್ಞಾನದ ಪುಸ್ತಕ ಹಗುರವಾಗಿ ಓದಿಸಿಕೊಳ್ಳುತ್ತದೆ. ಜೆರೆಮಿ ಸಿಲ್ಮನ್ ಜೊತೆ 2003ರಲ್ಲಿ ತಂದ ಆತ್ಮಕಥನದಲ್ಲಿ ಬದುಕು, ವಿವರಣೆಯೊಂದಿಗಿನ ಆಟಗಳು, ಸಮಸ್ಯೆಗಳು ಮೂರೂ ಇವೆ. ಒಂದನ್ನೇ ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ಅಮೆರಿಕದ ಚೆಸ್ ಲೈಫ್ ಪತ್ರಿಕೆಯ ಅವರ ಎಂಡ್‌ಗೇಮ್ ಅಂಕಣಗಳು ಸಿಕ್ಕರೆ ಬಿಡಬೇಡಿ. ಓದುವಾಗ ಹಲಗೆ ಎದುರಿಗಿರಲಿ; ಪ್ರತಿ ಸ್ಟಡಿಗೂ ಉತ್ತರ ನೋಡುವ ಮೊದಲು ಕಡೇಪಕ್ಷ ಹತ್ತು ನಿಮಿಷ ಕಾಯಿ ಮುಟ್ಟದೆ ಯೋಚಿಸಿ, ಕಂಪ್ಯೂಟರನ್ನು ಕೊನೆಗೆ ತೆರೆಯಿರಿ.